ಹಳೇ ಫೋರ್ಕಿಗೆ ಹೊಸ ಸ್ಟೆಮ್ ಕೂರುತ್ತದೆಯೇ?

ಪ್ರಶ್ನೆ: ನನ್ನದು ಇಪ್ಪತ್ತೈದು ವರ್ಷದ ಗೇರ್ ಸೈಕಲ್. ವಿದ್ಯಾಗಿರಿಯಿಂದ ನವಲೂರು ದಾಟಿ ಉಣಕಲ್‌ವರೆಗೆ ವಾರಕ್ಕೆ ಮೂರು ದಿನ ಹೋಗಿಬರುತ್ತೇನೆ. ಹ್ಯಾಂಡಲ್ ತೀರಾ ದೂರ, ಬೆನ್ನು ಹಿಡಿಯುತ್ತದೆ. ಗೆಳೆಯ ತನ್ನ ಹೊಸ ಸೈಕಲ್ಲಿನಿಂದ ಬಿಚ್ಚಿದ ಗಿಡ್ಡ ಸ್ಟೆಮ್ (ಹ್ಯಾಂಡಲನ್ನು ಮುಂದಿನ ಗಾಲಿಯ ಫೋರ್ಕಿಗೆ ಜೋಡಿಸುವ ತುಂಡು) ಕೊಟ್ಟ, ಅದು ಕೂರುತ್ತಿಲ್ಲ. ಅಂಗಡಿಯವರು ಫೋರ್ಕನ್ನೇ ಬದಲಿಸಿ ಅನ್ನುತ್ತಾರೆ. ಬೇರೆ ದಾರಿ ಇದೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಇದೆ. ಫೋರ್ಕ್ ಅಲ್ಲೇ ಇರಲಿ.

ಹೊಸ ಸ್ಟೆಮ್ ಫೋರ್ಕಿನ ಪೈಪನ್ನು ಹೊರಗಿನಿಂದ ಹಿಡಿಯುತ್ತದೆ. ಅದರ ಬಾಯಿ ಸಾಮಾನ್ಯವಾಗಿ 28.6 ಎಂಎಂ. ನಿಮ್ಮದು ಥ್ರೆಡ್ ಇರುವ ಫೋರ್ಕ್. ಅದರ ಪೈಪು ನಟ್ಟಿನ ಹತ್ತಿರವೇ ಮುಗಿಯುತ್ತದೆ, ಮೇಲೆ ಹಿಡಿಯಲು ಏನೂ ಉಳಿದಿಲ್ಲ. ಹಳೇ ಸ್ಟೆಮ್ ಪೈಪಿನ ಒಳಗೆ ಇಳಿದು, ತುದಿಯ ಬೆಣೆಯಿಂದ ಬಿಗಿಯಾಗಿ ಕೂತಿದೆ.

ಇವೆರಡಕ್ಕೂ ಸಂಬಂಧ ಕುದುರಿಸುವುದು ಕ್ವಿಲ್ ಅಡಾಪ್ಟರ್. ಕೆಳಗಿನ ಭಾಗ ಹಳೇ ಸ್ಟೆಮ್ಮಿನಂತೆ ಒಳಗಿಳಿಯುತ್ತದೆ, ಮೇಲಿನದು 28.6 ಎಂಎಂ ದಪ್ಪ. ಕೊಳ್ಳುವ ಮೊದಲು ಹಳೇ ಸ್ಟೆಮ್ ಹೊರತೆಗೆದು, ಒಳಗಿಳಿಯುವ ಭಾಗವನ್ನು ವರ್ನಿಯರ್‌ನಿಂದ ಅಳೆಯಿರಿ. ಒಂದಿಂಚಿನ ಫೋರ್ಕಾದರೆ ಹೆಚ್ಚಾಗಿ 22.2 ಎಂಎಂ ಬರುತ್ತದೆ, 21.1 ಕೂಡ ಉಂಟು; ಅದಕ್ಕಿಂತ ದಪ್ಪ ಪೈಪಿನ ಫೋರ್ಕಾದರೆ 25.4. ತೆಗೆಯುವಾಗ ಮೇಲಿನ ಬೋಲ್ಟನ್ನು ಎರಡು ಮೂರು ಸುತ್ತು ಮಾತ್ರ ಸಡಿಲಿಸಿ, ಅದರ ತಲೆಯ ಮೇಲೆ ಕಟ್ಟಿಗೆ ತುಂಡಿಟ್ಟು ಸುತ್ತಿಗೆಯಿಂದ ಒಂದು ಏಟು ಹಾಕಿ. ಟಕ್ಕಂತ ಬೆಣೆ ಬಿಡುತ್ತದೆ.

ಗೋಕುಲ ರೋಡಿನ ಲೇತ್‌ನಲ್ಲಿ ಒಂದು ಅಡಾಪ್ಟರ್ ತಿರುಗಿಸಿಕೊಂಡರಾಯಿತು ಅನ್ನುವವರಿದ್ದಾರೆ. ಮುರಿದರೆ ಕೈಗೆ, ಮುಖಕ್ಕೆ ಪೆಟ್ಟಾಗುವ ಭಾಗ, ಬೇಡ.

ಅಡಾಪ್ಟರಿಗೆ ತೆಳ್ಳಗೆ ಗ್ರೀಸ್ ಹಚ್ಚಿ, ಅದರ ಮೇಲೆ ಕೊರೆದಿರುವ ಕನಿಷ್ಠ ಆಳದ ಗೆರೆ ಪೂರ್ತಿ ಮುಚ್ಚುವಷ್ಟು ಇಳಿಸಿ. ಎತ್ತರದ ಆಸೆಗೆ ಬಿದ್ದು ನಾನೊಮ್ಮೆ ಗೆರೆ ಹೊರಗೇ ಬಿಟ್ಟಿದ್ದೆ. ವಾರದೊಳಗೆ ಹಂಪ್ ಹತ್ತುವಾಗ ಹ್ಯಾಂಡಲ್ ಒಂದು ಕಡೆ, ಗಾಲಿ ಒಂದು ಕಡೆ. ಬಿಚ್ಚಿ ನೋಡಿದರೆ ಪೈಪಿನ ಬಾಯಿ ಉಬ್ಬಿತ್ತು. ಥ್ರೆಡ್ ಕೊರೆದಲ್ಲಿ ಪೈಪು ತೆಳು; ಬೆಣೆ ಅದಕ್ಕಿಂತ ಕೆಳಗೇ ಕೂರಬೇಕು.

ಇನ್ನು ಎಲ್ಲರೂ ಎಡವುವ ಜಾಗ. ಹೊಸ ಸೈಕಲ್ಲಿನಲ್ಲಿ ಮೇಲಿನ ಮುಚ್ಚಳದ ಬೋಲ್ಟ್ ಬಿಗಿದರೆ ಬೇರಿಂಗಿನ ಆಟ ಹೋಗುತ್ತದೆ. ನಿಮ್ಮದರಲ್ಲಿ ಆ ಕೆಲಸ ಹಳೇ ಹೆಡ್‌ಸೆಟ್ಟಿನ (ಫೋರ್ಕ್ ತಿರುಗುವ ಬೇರಿಂಗಿನ ಜೋಡಣೆ) ನಟ್ಟುಗಳದ್ದೇ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ. ಕಟಕಟ ಅಂದರೆ ಬೇರಿಂಗಿನ ಮೇಲೆ ಕೂರುವ ಕಪ್ ಬಿಗಿದು, ಅದು ತಿರುಗದಂತೆ ಹಿಡಿದು ಮೇಲಿನ ನಟ್ಟಿಗೆ ಪಾನಾ ಹಾಕಿ.

ಒಂದು ಖರ್ಚು ಮಾತ್ರ ಬಾಕಿ. ಗೆಳೆಯನ ಸ್ಟೆಮ್ 31.8 ಎಂಎಂ ದಪ್ಪದ ಹ್ಯಾಂಡಲಿನದಾಗಿದ್ದು, ನಿಮ್ಮ ಹ್ಯಾಂಡಲ್ 25.4 ಆಗಿದ್ದರೆ ನಡುವಿನ ಸಂದು ತುಂಬುವ ಲೋಹದ ಬಳೆ, ಅಂದರೆ ಶಿಮ್ ಬೇಕು. ತಂಪು ಪಾನೀಯದ ಡಬ್ಬಿ ಕತ್ತರಿಸಿ ಸುತ್ತಬೇಡಿ. ಉದ್ದ ಬದಲಿಸಿ ನೋಡುವ ಹುಕಿ ಇಲ್ಲ, ಬೆನ್ನು ಉಳಿದರೆ ಸಾಕು ಅನ್ನುವುದಾದರೆ ಗೆಳೆಯನ ಸ್ಟೆಮ್ ವಾಪಸ್ ಕೊಟ್ಟು, ಹಳೇ ನಮೂನೆಯದೇ ಗಿಡ್ಡ, ಎತ್ತರದ ಕ್ವಿಲ್ ಸ್ಟೆಮ್ ತನ್ನಿ. ನಾನಾದರೆ ಅದನ್ನೇ ಮಾಡುತ್ತಿದ್ದೆ.