ಐಪಿ ಅಡ್ರೆಸ್ ಸಿಕ್ಕಿದರೆ ಮನೆ ಸಿಗುತ್ತದಾ?

ನಮಸ್ಕಾರ. ಗೇಮ್ ಚಾಟ್‌ನಲ್ಲಿ ಜಗಳ ಆದವನೊಬ್ಬ 'ನಿನ್ನ ಐಪಿ ಅಡ್ರೆಸ್ ಸಿಕ್ಕಿದೆ, ಮಲ್ಪೆಯ ಮನೆಗೇ ಬರ್ತೇನೆ' ಎಂದು ನಿಮ್ಮ ಮಗನನ್ನು ಹೆದರಿಸಿದ್ದಾನೆ, ನಿಜವಾಗಿ ಬರಬಹುದಾ ಎಂದು ಕೇಳಿದ್ದೀರಿ. ಹೆದರಬೇಡಿ ಮಾರಾಯ್ರೆ, ಐಪಿ ಅಡ್ರೆಸ್ ಅಂದರೆ ಇಂಟರ್ನೆಟ್‌ನಲ್ಲಿ ನಿಮ್ಮ ಕನೆಕ್ಷನ್‌ಗೆ ಇರುವ ನಂಬರ್ ಅಷ್ಟೆ, ಬರೀ ಅದನ್ನು ಹಿಡಿದುಕೊಂಡು ಯಾರೂ ಮನೆ ಬಾಗಿಲಿಗೆ ಬರಲು ಆಗುವುದಿಲ್ಲ.

ನಾನೇ ಈಗ ನೋಡಿದೆ. ಉಡುಪಿಯ ಮನೆಯಲ್ಲಿ ಕೂತು ವೈಫೈಯಲ್ಲಿ ನನ್ನ ಐಪಿ ಯಾವ ಊರಿನದು ಎಂದು ಹುಡುಕಿದರೆ ಬೆಂಗಳೂರು ಎಂದು ಬಂತು. ಮೊಬೈಲ್ ಡೇಟಾದಲ್ಲಿ ನೋಡಿದರೆ ಚೆನ್ನೈ! ಐಪಿವಿ4 ಎಂಬ ಹಳೆಯ ನಂಬರ್ ಪದ್ಧತಿಯಲ್ಲಿ ಇರುವುದೇ ಸುಮಾರು 430 ಕೋಟಿ ಅಡ್ರೆಸ್. ಅದು ಎಲ್ಲರಿಗೂ ಸಾಲದ ಕಾರಣ ಇಂಟರ್ನೆಟ್ ಕಂಪನಿಗಳು ಒಂದೇ ಅಡ್ರೆಸನ್ನು ತುಂಬಾ ಜನರಿಗೆ ಹಂಚುತ್ತವೆ. ಯಾವ ಹೊತ್ತಿಗೆ ಯಾರು ಬಳಸಿದರು ಎಂಬ ಲೆಕ್ಕ ಇಂಟರ್ನೆಟ್ ಕೊಡುವ ಕಂಪನಿಯ ಹತ್ತಿರ ಇರುತ್ತದೆ. ಅದು ಪೊಲೀಸರಿಗೆ ಸಿಗುತ್ತದೆ, ಯಾರ್ಯಾರಿಗೋ ಅಲ್ಲ.

ನನಗೆ ಚಿಂತೆ ಆದದ್ದು ಬೇರೆ. ಮಲ್ಪೆ ಎಂದು ಅವನಿಗೆ ಹೇಗೆ ಗೊತ್ತಾಯಿತು? ಮಗನ ಜೊತೆ ಕೂತು ಅವನ ಪ್ರೊಫೈಲ್ ನೋಡಿ. ಶಾಲೆಯ ಯೂನಿಫಾರ್ಮ್ ಹಾಕಿದ ಫೋಟೊ, ಬೀಚ್‌ನಿಂದ ಲೊಕೇಶನ್ ಸಮೇತ ಹಾಕಿದ ಪೋಸ್ಟ್, ಎಲ್ಲ ಕಡೆ ಒಂದೇ ಯೂಸರ್‌ನೇಮ್. ಊರು ಗೊತ್ತಾಗುವುದು ಜಾಸ್ತಿ ಹೀಗೇ ಅಲ್ವಾ? ಹೆದರಿಸಿದವನು ಕಳಿಸಿದ ಲಿಂಕ್ ಏನಾದರೂ ಮಗ ಒತ್ತಿದ್ದಾನಾ ಎಂದೂ ಕೇಳಿ. ಬೈಯದೆ ಕೇಳಿ, ಇಲ್ಲದಿದ್ದರೆ ಮಕ್ಕಳು ಹೇಳುವುದಿಲ್ಲ.

ವೈಫೈ ರೂಟರ್‌ನ ಅಡ್ಮಿನ್ (ಸೆಟ್ಟಿಂಗ್ಸ್ ತೆರೆಯುವ) ಪಾಸ್‌ವರ್ಡ್ ಇವತ್ತೇ ಬದಲಿಸಿ. ಸುಮ್ನೆ ಫ್ರೀ ವಿಪಿಎನ್ (ಬೇರೆ ಕಂಪನಿಯ ಸರ್ವರ್ ಮೂಲಕ ಇಂಟರ್ನೆಟ್‌ಗೆ ಹೋಗುವ ಆ್ಯಪ್) ಹಾಕಬೇಡಿ. ಐಪಿ ಅಡಗುತ್ತದೆ ನಿಜ, ಆದರೆ ನೀವು ಯಾವ ಸೈಟಿಗೆ ಹೋಗುತ್ತೀರಿ ಎಂಬುದೆಲ್ಲ ಆ ವಿಪಿಎನ್ ಕಂಪನಿಯ ಕೈಗೆ ಹೋಗುತ್ತದೆ. ಆ ಚಾಟ್‌ನ ಸ್ಕ್ರೀನ್‌ಶಾಟ್ ತೆಗೆದಿಡಿ. ಮತ್ತೆ ಬೆದರಿಸಿದರೆ ಸೈಬರ್ ಅಪರಾಧ ನೋಡಿಕೊಳ್ಳುವ ಉಡುಪಿಯ ಸೆನ್ ಪೊಲೀಸ್ ಠಾಣೆಗೆ ಅದನ್ನೇ ತೆಗೆದುಕೊಂಡು ಹೋಗಿ.