ಸಾಲಕ್ಕೆ ಸಾಲ ಗುಣಿಸಿದರೆ ಪ್ಲಸ್ ಹೇಗೆ ಬಂತು?

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ನನ್ನ ಮಗಳು ಏಳನೇ ಕ್ಲಾಸು. ಶಾಲೆಯಲ್ಲಿ "ಮೈನಸ್ ಇಂಟು ಮೈನಸ್ ಪ್ಲಸ್" ಅಂತ ಬರೆಸಿದ್ದಾರೆ. "ಅಮ್ಮಾ, ಮೈನಸ್ ಅಂದ್ರೆ ಸಾಲ ಅಂತ ನೀನೇ ಹೇಳಿದ್ದೆ. ಸಾಲಕ್ಕೆ ಸಾಲ ಸೇರಿದರೆ ಸಾಲ ಜಾಸ್ತಿ ಆಗಬೇಕಲ್ವಾ?" ಅಂತ ಕೇಳಿದಳು. "ಅದು ರೂಲ್ಸು, ಸುಮ್ನೆ ಕಲಿತುಕೋ" ಅಂದುಬಿಟ್ಟೆ. ಅವಳ ಮುಖ ಸಪ್ಪಗಾಯಿತು. ನಾನು ಏನು ಹೇಳಬೇಕಿತ್ತು?
— ಒಬ್ಬ ತಾಯಿ, ತಿಪಟೂರು

ಉತ್ತರ: ತಾಯಿ, ನಿಮ್ಮ ಮಗಳು ಸರಿಯಾಗಿಯೇ ಕೇಳಿದ್ದಾಳೆ. ಸಾಲಕ್ಕೆ ಸಾಲ ಸೇರಿದರೆ ಸಾಲ ಜಾಸ್ತಿಯೇ ಆಗುತ್ತದೆ. ಆದರೆ ಅದು ಕೂಡುವ ಲೆಕ್ಕ. ಗುಣಿಸುವಾಗ ಎರಡೂ ಸಂಖ್ಯೆ ಸಾಲ ಆಗಿರುವುದಿಲ್ಲ. ಒಂದು ಸಾಲ, ಇನ್ನೊಂದು ಎಷ್ಟು ಸಲ ಅನ್ನುವುದು. ಇಷ್ಟನ್ನು ಅವಳಿಗೆ ಬಿಡಿಸಿ ಹೇಳಿದರೆ ಮಿಕ್ಕಿದ್ದನ್ನು ಅವಳೇ ಹಿಡಿಯುತ್ತಾಳೆ.

ನಮ್ಮ ತಂದೆಗೆ ಊರಲ್ಲಿ ಕಿರಾಣಿ ಅಂಗಡಿ ಇತ್ತು. ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಉದ್ದನೆಯ ಸಾಲದ ಪುಸ್ತಕ. ಒಂದು ಮನೆಯವರ ಹೆಸರಿನಲ್ಲಿ ತಲಾ 5 ರೂಪಾಯಿಯ ಮೂರು ಸಾಲು ಬಿದ್ದಿದ್ದವು. ಅವರ ಲೆಕ್ಕ 3 × (−5) = −15. ಅದೇ ವರ್ಷ ಆ ಮನೆಯ ಯಜಮಾನರು ತೀರಿಕೊಂಡರು. ತಂದೆ ಯಾರಿಗೂ ಹೇಳದೆ ಪುಸ್ತಕ ತೆಗೆದು, ಆ ಮೂರು ಸಾಲಿನ ಮೇಲೂ ಒಂದೊಂದು ಗೆರೆ ಎಳೆದರು. ನಾನು ಪಕ್ಕದಲ್ಲೇ ನಿಂತಿದ್ದೆ. ಆ ಮನೆಯವರ ಕೈಗೆ ಒಂದು ರೂಪಾಯಿಯೂ ಬರಲಿಲ್ಲ. ಆದರೂ ನಿನ್ನೆಗಿಂತ ಇವತ್ತು 15 ರೂಪಾಯಿ ಮೇಲೆ ಬಂದರು. ಬರೆಯುವುದು ಪ್ಲಸ್, ಹೊಡೆದು ಹಾಕುವುದು ಮೈನಸ್. ಐದೈದರ ಸಾಲವನ್ನು ಮೂರು ಸಲ ಹೊಡೆದು ಹಾಕಿದ್ದೇ (−3) × (−5) = +15.

ಸಾಲ ಅನ್ನುವ ಅರ್ಥ ನೀವು ಕಟ್ಟಿದ್ದಲ್ಲ. ಗಣಿತಜ್ಞ ಬ್ರಹ್ಮಗುಪ್ತ ಕ್ರಿ.ಶ. 628ರಲ್ಲೇ ಇಂಥ ಸಂಖ್ಯೆಗಳನ್ನು ಧನ, ಋಣ ಅಂತ ಕರೆದು, ಋಣವನ್ನು ಋಣದಿಂದ ಗುಣಿಸಿದರೆ ಧನ ಅಂತ ಬರೆದಿದ್ದಾನೆ. ನಮ್ಮ ನಾಡಿನ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 850ರ ಸುಮಾರಿಗೆ, ಗಣಿತಜ್ಞ ಮಹಾವೀರಾಚಾರ್ಯನೂ ಇದನ್ನೇ ಹೇಳಿದ. ಕನ್ನಡದ ಗಣಿತ ಪಠ್ಯಪುಸ್ತಕದಲ್ಲಿ ಇವತ್ತಿಗೂ ಅದೇ ಎರಡು ಪದ ಇವೆ, ತೋರಿಸಿ.

ಕಥೆಯೊಂದೇ ಸಾಲದು ಅಂದರೆ ಮಗ್ಗಿ ಬರೆಸಿ. 2 × (−5) = −10. 1 × (−5) = −5. 0 × (−5) = 0. ಪ್ರತಿ ಸಲ ಉತ್ತರ 5 ಏರುತ್ತಿದೆ. ಹಾಗಾದರೆ (−1) × (−5)? ನೀವು ಹೇಳಬೇಡಿ, ಅವಳೇ ಹೇಳಲಿ.

ಭಾಗಾಕಾರ ಇದರ ಹಿಂದೆಯೇ ಬರುತ್ತದೆ. 12 ರೂಪಾಯಿ ಸಾಲವನ್ನು ನಾಲ್ವರು ಅಣ್ಣತಮ್ಮಂದಿರು ಹಂಚಿಕೊಂಡರೆ ತಲೆಗೆ 3 ರೂಪಾಯಿ ಸಾಲ: (−12) ÷ 4 = −3. ಅದೇ 12ರ ಸಾಲದಲ್ಲಿ ತಲಾ 4 ರೂಪಾಯಿಯ ಸಾಲ ಎಷ್ಟಿವೆ? ಮೂರು: (−12) ÷ (−4) = 3. 12 ÷ (−4)ಗೆ ಕಥೆ ಹುಡುಕಿ ಒದ್ದಾಡಬೇಡಿ. −4ನ್ನು ಎಷ್ಟರಿಂದ ಗುಣಿಸಿದರೆ 12 ಬರುತ್ತದೆ ಅಂತ ಕೇಳಿದರೆ ಸಾಕು, −3. ಸೊನ್ನೆಯಿಂದ ಭಾಗಿಸುವುದು ಮಾತ್ರ ಆಗುವುದೇ ಇಲ್ಲ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ 12 ಬರುವುದಿಲ್ಲವಲ್ಲ.

ಇನ್ನೊಂದು ಮಾತು, ಇದು ನನ್ನ ತಪ್ಪಿನಿಂದ ಕಲಿತದ್ದು. ಮೇಷ್ಟ್ರಾದ ಹೊಸದರಲ್ಲಿ ನಾನೂ "ಮೈನಸ್ ಮೈನಸ್ ಪ್ಲಸ್" ಅಂತ ಇಡೀ ತರಗತಿಗೆ ರಾಗವಾಗಿ ಹೇಳಿಸಿದೆ. ಪರೀಕ್ಷೆಯಲ್ಲಿ −5 − 3ಕ್ಕೆ ಎಷ್ಟೋ ಮಕ್ಕಳು +8 ಅಂತ ಬರೆದರು. ಎರಡು ಮೈನಸ್ ಕಂಡಿತು, ಪ್ಲಸ್ ಹಾಕಿದರು. ಮಕ್ಕಳ ತಪ್ಪಲ್ಲ ಅದು. "ಗುಣಿಸಿದರೆ, ಭಾಗಿಸಿದರೆ" ಅನ್ನುವ ಮಾತನ್ನೇ ನಾನು ಬಿಟ್ಟಿದ್ದೆ. ಆ ಉತ್ತರ ಪತ್ರಿಕೆಗಳ ಮೇಲೆ ಕೆಂಪು ಶಾಯಿ ಹಾಕಲು ಕೈ ಬರಲಿಲ್ಲ. ಮಾರನೇ ದಿನ ಪಾಠವನ್ನು ಮೊದಲಿಂದ ಮಾಡಿದೆ.

ಇವತ್ತು ರಾತ್ರಿ ಊಟ ಆದಮೇಲೆ ಮಗಳ ಪಕ್ಕ ಕೂತು, −5 − 3 ಮತ್ತು (−5) × (−3) ಎರಡನ್ನೂ ಅಕ್ಕಪಕ್ಕ ಬರೆಯಿರಿ. ಉತ್ತರ ಆಮೇಲೆ. ಮೊದಲು ಸಾಲದ ಪುಸ್ತಕದಲ್ಲಿ ಏನು ನಡೆಯಿತು ಅಂತ ಒಂದೊಂದಕ್ಕೂ ಅವಳಿಂದ ಹೇಳಿಸಿ.