ಒಂದೇ ನಂಬರ್, ಎರಡು ಥರ ಸೈಫರ್‌ಟೆಕ್ಸ್ಟ್: ಬಿಚ್ಚದೆ ಹೋಲಿಸುವುದು ಹೇಗೆ?

ಎರಡು ಪಟ್ಟಿಯ ಮೊಬೈಲ್ ನಂಬರ್‌ಗಳನ್ನು ಕೈಬರ್ ಎಂಬ ವಿಧಾನದಿಂದ ಎನ್‌ಕ್ರಿಪ್ಟ್ ಮಾಡಿದರೆ ಒಂದೇ ನಂಬರಿಗೂ ಬೇರೆ ಬೇರೆ ಸೈಫರ್‌ಟೆಕ್ಸ್ಟ್ (ಗುಟ್ಟಾಗಿಸಿದ ರೂಪ) ಬರುತ್ತಿದೆ, ಬಿಚ್ಚದೆ ಹೋಲಿಸುವುದು ಹೇಗೆ ಅಂತ ಕೇಳಿದ್ದೀರಿ. ನಿಮ್ಮ ಕೋಡ್‌ನಲ್ಲಿ ತಪ್ಪಿಲ್ಲ ಅನ್ನಿಸುತ್ತದೆ. ಕೈಬರ್ ಪ್ರತಿ ಸಲ ಹೊಸ ರ‍್ಯಾಂಡಮ್ ಸೇರಿಸುತ್ತದೆ, ಅದಕ್ಕೇ ಒಂದೇ ಮೊಬೈಲ್ ನಂಬರ್ ಎರಡು ಪಟ್ಟಿಯಲ್ಲಿ ಎರಡು ಥರ ಕಾಣುತ್ತಿದೆ. ಅದು ಇರುವುದೇ ಕೀ ಹಂಚುವುದಕ್ಕೆ, ಹೋಲಿಸುವುದಕ್ಕಲ್ಲ.

ಪಟ್ಟಿಗಳು ಯಾರವು ಅಂತ ನೀವು ಹೇಳಿಲ್ಲ. ಎರಡೂ ನಿಮ್ಮವೇ ಆದರೆ ಸುಮ್ನೆ ಒಂದು ಸೀಕ್ರೆಟ್ ಕೀ ಇಟ್ಟು ಪ್ರತಿ ನಂಬರಿನ ಎಚ್‌ಮ್ಯಾಕ್ (ಆ ಕೀ ಮತ್ತು ನಂಬರಿನಿಂದ ಲೆಕ್ಕ ಹಾಕುವ, ಒಂದೇ ನಂಬರಿಗೆ ಯಾವಾಗಲೂ ಒಂದೇ ಬರುವ ಗುರುತು) ಹೋಲಿಸಿ, ಸಾಕು. ಇಲ್ಲದಿದ್ದರೆ ಓಪನ್‌ಎಫ್‌ಎಚ್‌ಇ ಲೈಬ್ರರಿಯ ಬಿಎಫ್‌ವಿ ಬಳಸಿ; ಎನ್‌ಕ್ರಿಪ್ಟ್ ಆದ ಸಂಖ್ಯೆಗಳನ್ನು ಬಿಚ್ಚದೆಯೇ ಅವುಗಳ ಮೇಲೆ ಲೆಕ್ಕ ಮಾಡಲು ಬಿಡುವ ವಿಧಾನ ಅದು. ಕೈಬರ್ ಥರ ಅದೂ ಲ್ಯಾಟಿಸ್ (ಬಿಂದುಗಳ ಜಾಲರಿಯ ಗಣಿತ) ಮೇಲೆಯೇ ನಿಂತಿದೆ. ಎರಡು ನಂಬರನ್ನೂ ಒಂದೇ ಪಬ್ಲಿಕ್ ಕೀಯಿಂದ (ಎಲ್ಲರಿಗೂ ಕೊಡಬಹುದಾದ ಕೀ) ಎನ್‌ಕ್ರಿಪ್ಟ್ ಮಾಡಿ. ಒಂದರಿಂದ ಇನ್ನೊಂದನ್ನು ಕಳೆಯಿರಿ, ಆಮೇಲೆ ಸೊನ್ನೆಯಲ್ಲದ ರ‍್ಯಾಂಡಮ್ ಸಂಖ್ಯೆಯಿಂದ ಗುಣಿಸಿ. ಪ್ರೈವೇಟ್ ಕೀ (ಬಿಚ್ಚುವ ಗುಟ್ಟಿನ ಕೀ) ಇರುವವರು ಆ ಉತ್ತರವನ್ನಷ್ಟೇ ಬಿಚ್ಚಬೇಕು: ಸೊನ್ನೆ ಬಂದರೆ ನಂಬರ್ ಒಂದೇ. ಗುಣಿಸದೆ ಕೊಟ್ಟರೆ ವ್ಯತ್ಯಾಸ ಬಯಲಾಗುತ್ತದೆ, ಅಲ್ವಾ? ಪ್ಲೇನ್‌ಟೆಕ್ಸ್ಟ್ ಮಾಡ್ಯುಲಸ್ (ಬಿಎಫ್‌ವಿ ಲೆಕ್ಕದಲ್ಲಿ ಯಾವ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳುತ್ತದೋ ಅದು) 10 ಅಂಕಿಯ ಯಾವ ನಂಬರಿಗಿಂತಲೂ ದೊಡ್ಡ ಪ್ರೈಮ್ (ಅವಿಭಾಜ್ಯ ಸಂಖ್ಯೆ) ಆಗಿರಲಿ. ಚಿಕ್ಕದಾದರೆ ಬೇರೆ ಬೇರೆ ನಂಬರ್‌ಗಳೂ ಒಂದೇ ಅಂತ ಬರಬಹುದು.